ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ಮೇಸ್ತ್ರಿ ದನಿ ಕುಗ್ಗಿದ್ರೆ ಬೀಜದ ಕೆಲಸ ನಿಧಾನ

ಹೋದ ತಿಂಗಳು ಗಂಡಸರ ಕೌಂಟ್, ಅಂದ್ರೆ ವೀರ್ಯಾಣು ಸಂಖ್ಯೆ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ, ಅಷ್ಟಕ್ಕೇ ಈ ಸಲ ಬಂದಿರೋ ಕಾಗದ, ಮೇಲ್, ವಾಟ್ಸಾಪ್ ಬಹುಪಾಲು ಅದೇ ವಿಷಯ. ಒಂದು ಖುಷಿ ಏನಂದ್ರೆ ಗಂಡಸರು ಅವರೇ ಬರೀತಿದಾರೆ, ಮೊದಲೆಲ್ಲಾ "ನನ್ನ ಸ್ನೇಹಿತನಿಗೆ ಹೀಗಿದೆ" ಅಂತ ಶುರು ಮಾಡ್ತಿದ್ರು. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ನಿಮ್ಮ ಕಾಗದ ಕಾಣ್ಲಿಲ್ಲ ಅಂತ ಬೇಜಾರಾಗ್ಬೇಡಿ.

ಪ್ರಶ್ನೆ: ಸಾರ್, ನನಗೆ 32, ಮದುವೆಯಾಗಿ ನಾಲ್ಕು ವರ್ಷ. ಹೆಂಡತಿ ಟೆಸ್ಟ್ ಎಲ್ಲಾ ನಾರ್ಮಲ್. ನನ್ನ ಕೌಂಟ್ ಎರಡು ಸಲ ಮಾಡಿಸಿದ್ರೂ ಎಂಎಲ್‌ಗೆ 60 ಲಕ್ಷದ ಹತ್ರವೇ ಬಂತು. ರಕ್ತದಲ್ಲಿ ಎಫ್‌ಎಸ್‌ಎಚ್ 1.9, ಪಕ್ಕದಲ್ಲಿ ನಾರ್ಮಲ್ ಅಂತಲೇ ಪ್ರಿಂಟ್ ಆಗಿದೆ. ಒಬ್ಬ ಡಾಕ್ಟರ್ ಹಾರ್ಮೋನ್ ಸರಿ ಇದೆ, ಕಾರಣ ಗೊತ್ತಾಗ್ತಿಲ್ಲ ಅಂದ್ರು. ಇನ್ನೊಬ್ರು ಜೀನ್‌ನಲ್ಲಿ ಏನೋ ವ್ಯತ್ಯಾಸ ಇರಬಹುದು ಅಂದ್ರು. ಹಾರ್ಮೋನ್ ನಾರ್ಮಲ್ ಇದ್ಮೇಲೆ ಜೀನ್ ಎಲ್ಲಿಂದ ಬಂತು?
(ದಾವಣಗೆರೆ)

ಉತ್ತರ: ಮೊದಲು ಆ "ನಾರ್ಮಲ್" ಅನ್ನೋ ಪದವನ್ನ ಸ್ವಲ್ಪ ಪಕ್ಕಕ್ಕಿಡಿ. ಕೌಂಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿರೋ ಕೆಳಗಿನ ಗೆರೆ ಎಂಎಲ್‌ಗೆ 1 ಕೋಟಿ 60 ಲಕ್ಷ. ನಿಮ್ಮದು ಅದಕ್ಕಿಂತ ಕೆಳಗಿದೆ, ಸೊನ್ನೆ ಅಲ್ಲ. ಈಗ ಎಫ್‌ಎಸ್‌ಎಚ್. ಅದನ್ನ ತುಂಬಾ ಜನ ಶಕ್ತಿಯ ಅಳತೆ ಥರ ನೋಡ್ತಾರೆ, ಜಾಸ್ತಿ ಇದ್ರೆ ಒಳ್ಳೇದು ಅಂತ. ಹಾಗಲ್ಲ. ಅದು ಕೂಗು.

ಮನೆ ಕಟ್ಟೋ ಕಡೆ ನೋಡಿರ್ತೀರಲ್ಲ, ಮೇಸ್ತ್ರಿ ಕೆಳಗೆ ನಿಂತು ಕೂಗ್ತಾ ಇರ್ತಾನೆ, ಮೇಲೆ ಆಳುಗಳು ಕೆಲಸ ಮಾಡ್ತಿರ್ತಾರೆ. ಆಳುಗಳು ಚುರುಕಾಗಿದ್ರೆ ಮೇಸ್ತ್ರಿ ಮೆತ್ತಗೆ ಹೇಳಿದ್ರೂ ಸಾಕು. ಆಳು ಕಡಿಮೆ ಇದ್ರೆ, ಇರೋರೂ ಸುಸ್ತಾಗಿದ್ರೆ, ಮೇಸ್ತ್ರಿ ಗಂಟಲು ಹರಿಯೋ ಹಾಗೆ ಕೂಗ್ತಾನೆ. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಅನ್ನೋ ಕಡಲೆಕಾಳಿನಷ್ಟು ಗ್ರಂಥಿನೇ ಆ ಮೇಸ್ತ್ರಿ, ವೃಷಣದೊಳಗೆ ವೀರ್ಯಾಣು ಬೆಳೆಸೋ ಸರ್ಟೋಲಿ ಕೋಶಗಳೇ ಆಳು, ಎಫ್‌ಎಸ್‌ಎಚ್ಚೇ ಕೂಗು. ಕೆಲಸ ನಡೀತಿದೆ ಅಂತ ಸರ್ಟೋಲಿ ಕೋಶಗಳು ವಾಪಸ್ ಹೇಳಿ ಕಳಿಸೋದು ಇನ್‌ಹಿಬಿನ್ ಬಿ ಅನ್ನೋ ಇನ್ನೊಂದು ಹಾರ್ಮೋನಲ್ಲಿ. ಅದು ಬಂದ್ರೆ ಮೇಸ್ತ್ರಿ ದನಿ ತಗ್ಗಿಸ್ತಾನೆ.

ಈಗ ನಿಮ್ಮ ಲೆಕ್ಕ ನೋಡಿ. ಕೌಂಟ್ ಕಡಿಮೆ, ಅಂದ್ರೆ ಕೆಲಸ ಹಿಂದೆ ಬಿದ್ದಿದೆ. ಆಗ ಕೂಗು ಜೋರಾಗ್ಬೇಕಿತ್ತು, 8ಕ್ಕೋ 10ಕ್ಕೋ 15ಕ್ಕೋ ಹೋಗ್ಬೇಕಿತ್ತು, ಆದ್ರೆ ನಿಮ್ಮ ಮೇಸ್ತ್ರಿ 1.9ರಲ್ಲೇ ಪಿಸುಗುಡ್ತಾ ಕೂತಿದಾನೆ. ಲ್ಯಾಬ್‌ನವರ ಗೆರೆ ಸುಮಾರು 1.5ರಿಂದ 12ರ ತನಕ, ಹಾಗಾಗಿ ಮೆಷಿನ್ ನಾರ್ಮಲ್ ಅಂತ ಹಾಕಿದೆ, ಮೆಷಿನ್‌ಗೆ ನಿಮ್ಮ ಕೌಂಟ್ ಎಷ್ಟು ಅಂತ ಗೊತ್ತಿಲ್ವಲ್ಲ. ಎರಡು ರಿಪೋರ್ಟನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ಮಾತ್ರ ವಿಷಯ ಕಾಣುತ್ತೆ. ಆ ಎರಡನೇ ಡಾಕ್ಟರ್ ಹಾಗೆ ನೋಡಿದಾರೆ ಅನ್ಸುತ್ತೆ.

ಇಲ್ಲಿ ಜೀನ್ ಬರುತ್ತೆ. ಎಫ್‌ಎಸ್‌ಎಚ್ ಅಣುವಿನ ಒಂದು ಭಾಗವನ್ನ ತಯಾರು ಮಾಡೋ ಜೀನ್ ಹೆಸರು ಎಫ್‌ಎಸ್‌ಎಚ್‌ಬಿ. ಆ ಜೀನ್ ಶುರುವಾಗೋಕೆ ಸ್ವಲ್ಪ ಮುಂಚೆ, ಮೈನಸ್ 211 ಅನ್ನೋ ಜಾಗದಲ್ಲಿ, ಹೆಚ್ಚಿನವರಿಗೆ ಜಿ ಅಕ್ಷರ ಇರುತ್ತೆ, ಕೆಲವರಿಗೆ ಟಿ. ಒಂದೇ ಒಂದು ಅಕ್ಷರ. ಅದು ರೇಡಿಯೋದ ವಾಲ್ಯೂಮ್ ತಿರುಪು ಇದ್ದ ಹಾಗೆ, ಟಿ ಇದ್ರೆ ಜೀನ್ ಹಾಳಾಗಿಲ್ಲ, ಹಾರ್ಮೋನಿನ ಗುಣವೂ ಕೆಟ್ಟಿಲ್ಲ, ಆದ್ರೆ ತಯಾರಾಗೋದೇ ಕಮ್ಮಿ. ಎಸ್ಟೋನಿಯಾ ದೇಶದ ಹುಡುಗರ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಅಪ್ಪನಿಂದಲೂ ಅಮ್ಮನಿಂದಲೂ ಟಿ ಪಡೆದವರ ಎಫ್‌ಎಸ್‌ಎಚ್, ಎರಡೂ ಜಿ ಇರೋರಿಗಿಂತ ಸುಮಾರು 40% ಕಡಿಮೆ ಇತ್ತು, ಒಂದು ಕಡೆಯಿಂದ ಮಾತ್ರ ಟಿ ಬಂದಿದ್ರೆ 16%ರ ಹತ್ರ. ಆಮೇಲೆ ಇಟಲಿ, ಜರ್ಮನಿಯವರೂ ನೋಡಿದ್ರು, ಟಿ ಇರೋರಲ್ಲಿ ವೃಷಣದ ಗಾತ್ರ, ಕೌಂಟ್ ಎರಡೂ ಸರಾಸರಿಯಲ್ಲಿ ಸ್ವಲ್ಪ ಕೆಳಗೆ. ಇದರ ಜೊತೆಗೆ ಕೂಗು ಕೇಳಿಸ್ಕೊಳ್ಳೋ ಕಿವಿಯ ಜೀನ್, ಅಂದ್ರೆ ಎಫ್‌ಎಸ್‌ಎಚ್ ರಿಸೆಪ್ಟರ್, ಅದರಲ್ಲೂ 680ನೇ ಜಾಗದಲ್ಲಿ ಒಂದು ವ್ಯತ್ಯಾಸ ಇದೆ. ಮೇಸ್ತ್ರಿ ದನಿನೂ ಸಣ್ಣದು, ಆಳುಗಳ ಕಿವಿನೂ ಸ್ವಲ್ಪ ಮಂದ, ಎರಡೂ ಒಬ್ಬನಲ್ಲೇ ಸೇರಿದ್ರೆ ಪರಿಣಾಮ ಎದ್ದು ಕಾಣುತ್ತೆ.

ಇದು ರೋಗ ಅಲ್ಲ ಅನ್ನೋದು ನೆನಪಿರ್ಲಿ. ಎತ್ತರ ಕುಳ್ಳ ಇದ್ದ ಹಾಗೆ. ಟಿ ಇಟ್ಕೊಂಡೇ ಎರಡು ಮೂರು ಮಕ್ಕಳ ಅಪ್ಪ ಆಗಿರೋರು ಎಷ್ಟೋ ಜನ.

ನೀವು ಮಾಡಬೇಕಾದ್ದು: ವೆರಿಕೋಸೀಲ್ ಅಂದ್ರೆ ವೃಷಣದ ರಕ್ತನಾಳ ಊದಿಕೊಂಡಿರೋದು ಇದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡೋ ಡಾಕ್ಟರ್ ಹತ್ರ ಹೋಗಿ (ಬರೀ ಪೇಪರ್ ನೋಡಿ ಕಳಿಸೋರ ಹತ್ರ ಬೇಡ), ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನ್, ಅದನ್ನ ತಯಾರು ಮಾಡು ಅಂತ ವೃಷಣಕ್ಕೆ ಹೇಳೋ ಎಲ್‌ಎಚ್ (ಮೇಸ್ತ್ರಿಯ ಇನ್ನೊಂದು ಕೂಗು), ಪ್ರೊಲ್ಯಾಕ್ಟಿನ್ ಹಾರ್ಮೋನ್, ಇವನ್ನ ಬೆಳಿಗ್ಗೆ ಹೊತ್ತು ಕೊಟ್ಟ ರಕ್ತದಲ್ಲಿ ನೋಡಿಸಿ. ಎಫ್‌ಎಸ್‌ಎಚ್‌ಬಿ ಟೆಸ್ಟ್ ಮಾಮೂಲಿ ಪಟ್ಟಿಯಲ್ಲಿಲ್ಲ, ಮಾಡಿಸ್ಲೇಬೇಕು ಅಂತಲೂ ಇಲ್ಲ. ಕೂಗು ಕಡಿಮೆ ಇರೋರಿಗೆ ಹೊರಗಿಂದ ಎಫ್‌ಎಸ್‌ಎಚ್ ಇಂಜೆಕ್ಷನ್ ಕೊಡೋ ಪದ್ಧತಿ ಇದೆ, ಸಾಮಾನ್ಯವಾಗಿ ವಾರಕ್ಕೆ ಮೂರರ ಹಾಗೆ ಕಡೇಪಕ್ಷ ಮೂರು ತಿಂಗಳು. ಮೂರು ತಿಂಗಳು ಯಾಕಂದ್ರೆ ಒಂದು ವೀರ್ಯಾಣು ತಯಾರಾಗೋಕೇ ಸುಮಾರು 74 ದಿನ, ಆಮೇಲೆ ಹೊರಗೆ ಬರೋ ದಾರಿ ಬೇರೆ. ಹದಿನೈದು ದಿನಕ್ಕೆ ಕೌಂಟ್ ಏರಿಸ್ತೀವಿ ಅನ್ನೋರು ಯಾರೇ ಆಗಿರ್ಲಿ, ಜೇಬು ಭದ್ರ. ಇಂಜೆಕ್ಷನ್ ದುಬಾರಿ, ಎಲ್ಲರಿಗೂ ಫಲ ಕೊಡಲ್ಲ, ಆದ್ರೆ ನಿಮ್ಮ ಥರ ಎಫ್‌ಎಸ್‌ಎಚ್ ತಗ್ಗಿರೋರ ಜೊತೆ ಡಾಕ್ಟರ್ ಮಾತಾಡೋದಕ್ಕೆ ಅರ್ಥ ಇದೆ, 20 ಇರೋರಿಗೆ ಮತ್ತೆ ಅದನ್ನೇ ಚುಚ್ಚೋದಕ್ಕೆ ಅರ್ಥ ಇಲ್ಲ.

ಪ್ರಶ್ನೆ: ನಮ್ಮ ಮನೆಯವ್ರು ಎರಡು ವರ್ಷದಿಂದ ಜಿಮ್‌ಗೆ ಹೋಗ್ತಾರ್ರಿ. ಅಲ್ಲಿನವರು ಮೈ ಬರ್ತದ ಅಂತ ವಾರಕ್ಕೊಂದು ಇಂಜೆಕ್ಷನ್ ಹಾಕ್ಸಿದ್ರಂತ, ನನಗ ಮೊನ್ನೆ ಗೊತ್ತಾತು. ಮೈ ಏನೋ ಭಾಳ ಚಂದ ಬಂದದ. ಕೌಂಟ್ ನೋಡಿಸಿದ್ರ ಸೊನ್ನೆ. ಗಂಡಸರ ಹಾರ್ಮೋನ್ ತಗೊಂಡ್ರ ಗಂಡಸುತನ ಹೆಚ್ಚಾಗ್ಬೇಕಲ್ರಿ, ಕಡಿಮಿ ಹೆಂಗಾತು?
(ಬಾಗಲಕೋಟೆ)

ಉತ್ತರ: ಅಕ್ಕಾ, ನಿಮ್ಮ ಪ್ರಶ್ನೆನೇ ಅರ್ಧ ಉತ್ತರ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ತುಂಬಿ ತುಳುಕ್ತಾ ಇದ್ರೆ ಮೇಸ್ತ್ರಿ ಏನ್ ಅಂದ್ಕೋತಾನೆ? ಕೆಲಸ ಮುಗೀತು ಅಂತ ಬೀಡಿ ಹಚ್ಕೊಂಡು ಕೂರ್ತಾನೆ. ಎಲ್‌ಎಚ್ ನಿಂತುಹೋಗುತ್ತೆ, ಎಫ್‌ಎಸ್‌ಎಚ್ ನಿಂತುಹೋಗುತ್ತೆ. ವೃಷಣದೊಳಗೆ ತಯಾರಾಗೋ ಟೆಸ್ಟೋಸ್ಟಿರಾನ್ ರಕ್ತದಲ್ಲಿರೋದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರ್ಬೇಕು ವೀರ್ಯಾಣು ಬೆಳೆಯೋಕೆ, ಹೊರಗಿಂದ ಚುಚ್ಚಿದ್ದು ತೋಳಿಗೆ ಹೋಗುತ್ತೆ, ಎದೆಗೆ ಹೋಗುತ್ತೆ, ಅಲ್ಲಿಗೆ ಮಾತ್ರ ಆ ಮಟ್ಟಕ್ಕೆ ತಲುಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ಸುಮಾರಿಗೆ ಇದೇ ಇಂಜೆಕ್ಷನ್ನನ್ನ, ವಾರಕ್ಕೆ 200 ಮಿಲಿಗ್ರಾಂ, ಬೇರೆಬೇರೆ ದೇಶದ ಗಂಡಸರಿಗೆ ಗರ್ಭನಿರೋಧಕ ಅಂತಲೇ ಕೊಟ್ಟು ನೋಡಿದ್ರು. ಹೆಚ್ಚಿನವರಿಗೆ ಕೌಂಟ್ ಸೊನ್ನೆ ಆಯ್ತು, ಅದ್ರಲ್ಲೂ ಏಷ್ಯಾದ ಸೆಂಟರ್‌ಗಳಲ್ಲಿ ಸೊನ್ನೆಗಿಳಿದವರ ಪ್ರಮಾಣ ಇನ್ನೂ ಜಾಸ್ತಿ. ಅಂದ್ರೆ ನಿಮ್ಮ ಯಜಮಾನ್ರು ದುಡ್ಡು ಕೊಟ್ಟು ಕುಟುಂಬ ಯೋಜನೆ ಮಾಡ್ಕೊಂಡಿದಾರೆ.

ಇದಕ್ಕೂ ಜೀನ್‌ಗೂ ಏನ್ ಸಂಬಂಧ ಅಂದ್ರೆ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟದ್ದು. ಜರ್ಮನಿಯಲ್ಲಿ ಒಬ್ಬನಿಗೆ ಗಡ್ಡೆ ಆಗಿ ಪಿಟ್ಯುಟರಿಯನ್ನೇ ತೆಗೆದಿದ್ರು. ಮೇಸ್ತ್ರಿನೇ ಇಲ್ಲ. ರಕ್ತದಲ್ಲಿ ಎಫ್‌ಎಸ್‌ಎಚ್ ಹುಡುಕಿದ್ರೂ ಸಿಗ್ತಿರ್ಲಿಲ್ಲ, ಬರೀ ಟೆಸ್ಟೋಸ್ಟಿರಾನ್ ಮೇಲೆ ಇದ್ದ. ಆದ್ರೂ ವೀರ್ಯ ಸರಿಯಾಗಿತ್ತು, ಮಕ್ಕಳೂ ಆದ್ವು. ಮ್ಯೂನ್‌ಸ್ಟರ್ ಊರಿನ ವಿಜ್ಞಾನಿಗಳು 1996ರಲ್ಲಿ ಅವನ ರಿಸೆಪ್ಟರ್ ಜೀನ್ ಓದಿ ನೋಡಿದ್ರೆ, 567ನೇ ಜಾಗದಲ್ಲಿ ಒಂದು ಬದಲಾವಣೆ. ಅದರಿಂದ ರಿಸೆಪ್ಟರ್ ತನ್ನಷ್ಟಕ್ಕೇ ಆನ್ ಆಗಿ ಕೂತಿತ್ತು, ಯಾರೂ ಕೂಗದೇ ಇದ್ರೂ ಆಳುಗಳಿಗೆ ಕೂಗು ಕೇಳಿಸ್ತಾ ಇತ್ತು! ಇಂಥ ಜೀನ್ ಅಪರೂಪ. ಹಾಗಾಗಿ ಜಿಮ್‌ನಲ್ಲಿ ಯಾರಾದ್ರೂ "ನಾನೂ ಹಾಕ್ಸಿದೀನಿ, ನನಗೆ ಮಗು ಆಗ್ಲಿಲ್ವಾ" ಅಂದ್ರೆ ಕಿವಿಗೆ ಹಾಕ್ಕೋಬೇಡಿ, ಒಬ್ಬೊಬ್ಬರ ದೇಹ ಇಂಜೆಕ್ಷನ್‌ಗೆ ಬಗ್ಗೋದು ಒಂದೊಂದು ಥರ.

ಇಂಜೆಕ್ಷನ್ ನಿಲ್ಲಿಸ್ಬೇಕು, ಆದ್ರೆ ಡಾಕ್ಟರ್ ಕೈಯಲ್ಲಿ, ಯಾಕಂದ್ರೆ ದಿಢೀರ್ ನಿಲ್ಲಿಸಿದ್ರೆ ಕೆಲವು ತಿಂಗಳು ಸುಸ್ತು, ಬೇಜಾರು, ಆಸಕ್ತಿ ಇಲ್ಲದಿರೋದು ಎಲ್ಲಾ ಬರುತ್ತೆ, ಆ ಟೈಮಲ್ಲೇ ತುಂಬಾ ಜನ ವಾಪಸ್ ಚುಚ್ಚಿಸ್ಕೋತಾರೆ. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕೌಂಟ್ ವಾಪಸ್ ಬರುತ್ತೆ, ಕೆಲವರಿಗೆ ಎರಡು ವರ್ಷ ಹಿಡಿಯುತ್ತೆ. ಮನೇಲಿ ಜಗಳ ಬೇಡ, ಅವರಿಗೆ ಯಾರೂ ಹೇಳಿರ್ಲಿಲ್ಲ.

ಪ್ರಶ್ನೆ: ನಮ್ಮ ಮಗನಿಗೆ 19 ತುಂಬಿತು. ಓದಿನಲ್ಲಿ ಚುರುಕು. ಮೀಸೆ ಬಂದಿಲ್ಲ, ಧ್ವನಿ ಒಡೆದಿಲ್ಲ. ತಡವಾಗಿ ಬರ್ತದೆ ಅಂತ ಎಲ್ಲರೂ ಹೇಳ್ತಾರೆ. ಇನ್ನೊಂದು ವಿಷಯ, ಹೇಳಬೇಕೋ ಬೇಡವೋ ಗೊತ್ತಿಲ್ಲ, ಅವನಿಗೆ ಚಿಕ್ಕಂದಿನಿಂದ ವಾಸನೆ ಸರಿಯಾಗಿ ಗೊತ್ತಾಗೋದಿಲ್ಲ. ಒಗ್ಗರಣೆ ಸೀದು ಹೊಗೆ ಬಂದ್ರೂ ಅಲ್ಲೇ ಕೂತು ಮೊಬೈಲ್ ನೋಡ್ತಾ ಇರ್ತಾನೆ. ಮುಂದೆ ಮದುವೆ, ಮಕ್ಕಳು...
(ಸಿರಸಿ)

ಉತ್ತರ: ಹೇಳಿದ್ದೇ ಒಳ್ಳೇದಾಯ್ತು, ಆ ಒಗ್ಗರಣೆ ಮಾತಲ್ಲೇ ಸುಳಿವು ಇದೆ. ಮೀಸೆಗೂ ಮೂಗಿಗೂ ಏನ್ ಸಂಬಂಧ ಅನ್ಸುತ್ತಲ್ಲ, ಆದ್ರೆ ಇದೆ. ಮೇಸ್ತ್ರಿಗೂ ಮೇಲೆ ಒಬ್ಬ ಇಂಜಿನಿಯರ್ ಇದಾನೆ, ಹೈಪೋಥಲಾಮಸ್ ಅಂತ, ಅಲ್ಲಿನ ಕೆಲವು ನರಕೋಶಗಳು ಒಂದೂವರೆ ಎರಡು ಗಂಟೆಗೊಂದು ಸಲ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ಬಿಟ್ಟು ಪಿಟ್ಯುಟರಿಯನ್ನ ಎಚ್ಚರಿಸ್ತಾ ಇರುತ್ತವೆ. ಆ ಕೋಶಗಳು ಹುಟ್ಟೋದು ಮೆದುಳಲ್ಲಲ್ಲ, ಮೂಗಿನ ಹತ್ರ. ತಾಯಿ ಹೊಟ್ಟೆಯಲ್ಲಿದ್ದಾಗ ವಾಸನೆಯ ನರಗಳ ದಾರಿ ಹಿಡಿದು ಮೆದುಳಿಗೆ ನಡ್ಕೊಂಡು ಹೋಗ್ತವೆ. ದಾರಿಯೇ ಸರಿಯಾಗಿ ಆಗಲಿಲ್ಲ ಅಂದ್ರೆ ವಾಸನೆಯೂ ಇಲ್ಲ, ಆ ಕೋಶಗಳೂ ಊರು ಸೇರಲ್ಲ. ಇಂಜಿನಿಯರ್ ಫೋನ್ ಮಾಡಲ್ಲ, ಮೇಸ್ತ್ರಿ ಎದ್ದೇಳಲ್ಲ, ಹದಿಹರೆಯ ಶುರುನೇ ಆಗಲ್ಲ.

ಇದಕ್ಕೆ ಕಾಲ್‌ಮನ್ ಸಿಂಡ್ರೋಮ್ ಅಂತಾರೆ. ನಿಮ್ಮ ಮಗನಿಗೆ ಅದೇ ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ, ಆದ್ರೆ ಇನ್ನು ಕಾಯಬೇಡಿ, ಈ ತಿಂಗಳೇ ಎಂಡೋಕ್ರಿನಾಲಜಿ, ಅಂದ್ರೆ ಹಾರ್ಮೋನ್ ಡಾಕ್ಟರ್‌ಗೆ ತೋರ್ಸಿ. ಅದೇ ಆಗಿದ್ರೆ ಬೆಳಿಗ್ಗೆಯ ಟೆಸ್ಟೋಸ್ಟಿರಾನ್, ಎಲ್‌ಎಚ್, ಎಫ್‌ಎಸ್‌ಎಚ್ ಮೂರೂ ಕಡಿಮೆ ಇರುತ್ತೆ, ತಲೆಯ ಎಂಆರ್‌ಐ ಮಾಡ್ತಾರೆ, ಹೊಟ್ಟೆ ಸ್ಕ್ಯಾನೂ ಮಾಡಿಸ್ತಾರೆ, ಯಾಕಂದ್ರೆ ಇವರಲ್ಲಿ ಕೆಲವರಿಗೆ ಹುಟ್ಟಿನಿಂದ ಒಂದೇ ಕಿಡ್ನಿ ಇರುತ್ತೆ. ಇದಕ್ಕೆ ಕಾರಣ ಆಗೋ ಜೀನ್‌ಗಳು ಹತ್ತಾರು, ಮೊದಲು ಸಿಕ್ಕಿದ್ದು ಎಎನ್‌ಒಎಸ್1, 1991ರಲ್ಲಿ, ಅದು ಎಕ್ಸ್ ಕ್ರೋಮೋಸೋಮ್ ಮೇಲಿದೆ.

ಈಗ ಒಳ್ಳೇ ಸುದ್ದಿ. ಗಂಡಸರ ಬಂಜೆತನದಲ್ಲಿ ಔಷಧಿಗೆ ಚೆನ್ನಾಗಿ ಬಗ್ಗೋದು ಇದ್ದರೆ ಇದೇ. ಆಳುಗಳು ಆರೋಗ್ಯವಾಗೇ ಇದಾರೆ, ಕರೆಯೋರಿಲ್ಲ ಅಷ್ಟೇ. ಈಗ ಮೀಸೆ, ಧ್ವನಿ, ಮೂಳೆಗೆ ಟೆಸ್ಟೋಸ್ಟಿರಾನ್ ಕೊಡ್ತಾರೆ (ಬಾಗಲಕೋಟೆ ಕಾಗದ ಓದಿ ಗಾಬರಿ ಆಗ್ಬೇಡಿ, ಇಲ್ಲಿ ಅದೇ ಸರಿಯಾದ ಔಷಧಿ). ಮುಂದೆ ಮದುವೆಯಾಗಿ ಮಗು ಬೇಕು ಅನ್ನೋ ಹೊತ್ತಿಗೆ ಅದನ್ನ ನಿಲ್ಲಿಸಿ ಎಚ್‌ಸಿಜಿ (ಎಲ್‌ಎಚ್ ಕೆಲಸ ಮಾಡೋ ಹಾರ್ಮೋನ್) ಮತ್ತು ಎಫ್‌ಎಸ್‌ಎಚ್ ಇಂಜೆಕ್ಷನ್. ಆರು ತಿಂಗಳಿಂದ ಎರಡು ವರ್ಷ ತಾಳ್ಮೆ ಬೇಕು, ಬಹುಪಾಲು ಜನರಿಗೆ ವೀರ್ಯಾಣು ಕಾಣಿಸ್ಕೊಳ್ಳುತ್ತೆ, ಕೌಂಟ್ ನಾರ್ಮಲ್ ಗೆರೆ ಮುಟ್ಟದೇ ಇದ್ರೂ ಎಷ್ಟೋ ಸಲ ತಾನಾಗೇ ಗರ್ಭ ನಿಲ್ಲುತ್ತೆ. ಹುಡುಗನಿಗೆ ಇದನ್ನ ನೀವೇ ಹೇಳಿ. ಹಾಸ್ಟೆಲ್‌ನಲ್ಲಿ ಬಟ್ಟೆ ಬದಲಾಯಿಸೋಕೂ ಹಿಂಜರಿಯೋ ಹುಡುಗರನ್ನ ನೋಡಿದೀನಿ, ಕಾರಣ ಇದೆ, ಔಷಧಿ ಇದೆ ಅಂತ ಗೊತ್ತಾದ ದಿನ ಅವರ ಮುಖ ನೋಡ್ಬೇಕು.

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆತನದಲ್ಲಿ ಎಂಟು ಹತ್ತು ಮಕ್ಕಳನ್ನ ಹೆತ್ತವರೇ. ನಮ್ಮ ಯಜಮಾನರಿಗೆ ಐದು ಜನ ತಮ್ಮಂದಿರು. ಮಗನಿಗೆ ಜೀನ್ ದೋಷ ಅಂದ್ರೆ ನಾನು ನಂಬೋದು ಹೇಗೆ? ನನ್ನನ್ನೂ ನಮ್ಮ ಸೋದರಮಾವನಿಗೇ ಕೊಟ್ಟಿದ್ದು, ಹೊರಗಿನ ರಕ್ತ ಬೆರೆತೇ ಇಲ್ಲ.
(ಮೈಸೂರು)

ಉತ್ತರ: ಅಮ್ಮಾ, ನಿಮ್ಮ ಕೊನೇ ಸಾಲನ್ನೇ ನಾನು ಮೊದಲು ಹಿಡ್ಕೋತೀನಿ, ತಪ್ಪು ತಿಳೀಬೇಡಿ. ಕೆಲವು ಜೀನ್ ವ್ಯತ್ಯಾಸ ಒಂದೇ ಪ್ರತಿ ಇದ್ರೆ ಸುಮ್ಮನೆ ಇರುತ್ತೆ, ಅಪ್ಪನಿಂದೊಂದು ಅಮ್ಮನಿಂದೊಂದು ಎರಡೂ ಬಂದಾಗಲೇ ತೋರ್ಸೋದು. ಹತ್ತಿರದ ಸಂಬಂಧದಲ್ಲಿ ಮದುವೆ ಆದಾಗ ಒಬ್ಬರೇ ಅಜ್ಜಿಯ ಪ್ರತಿ ಎರಡು ದಾರಿಯಲ್ಲಿ ಬಂದು ಮೊಮ್ಮಗನಲ್ಲಿ ಸೇರೋ ಸಾಧ್ಯತೆ ಜಾಸ್ತಿ. ಹಿಂದಿನವರಿಗೆ ಹತ್ತು ಮಕ್ಕಳಾಗಿದ್ದಕ್ಕೂ ಇದಕ್ಕೂ ಜಗಳ ಇಲ್ಲ.

ಇನ್ನೊಂದು, ಗಂಡುಮಗನ ತೊಂದರೆ ಅಪ್ಪನ ಕಡೆಯಿಂದಲೇ ಬರಬೇಕು ಅಂತ ಎಲ್ಲರೂ ಅಂದ್ಕೊಂಡಿದಾರೆ. ಟೆಸ್ಟೋಸ್ಟಿರಾನನ್ನ ಹಿಡ್ಕೊಳ್ಳೋ ಆಂಡ್ರೋಜೆನ್ ರಿಸೆಪ್ಟರ್ ಜೀನ್ ಇರೋದು ಎಕ್ಸ್ ಮೇಲೆ, ಗಂಡುಮಗುವಿಗೆ ಎಕ್ಸ್ ಬರೋದು ತಾಯಿಯಿಂದ ಮಾತ್ರ. ಗಡ್ಡ ಮೀಸೆ ಗಂಡಸುತನ ಎಲ್ಲದರ ಬೀಗ ಅಮ್ಮನ ಕಡೆಯ ಆಸ್ತಿ! ಹಾಗಂತ ತಪ್ಪು ನಿಮ್ಮದು ಅಂತಲ್ಲ, ಯಾರದ್ದೂ ಅಲ್ಲ.

ದೋಷ ಅನ್ನೋ ಪದ ಬಿಟ್ಟುಬಿಡೋಕೆ ಇನ್ನೊಂದು ಕಾರಣ ಕೊಡ್ತೀನಿ. ಫಿನ್‌ಲೆಂಡ್‌ನಲ್ಲಿ ಎಫ್‌ಎಸ್‌ಎಚ್ ರಿಸೆಪ್ಟರ್ ಎರಡೂ ಪ್ರತಿ ಕೆಟ್ಟಿರೋ ಐದು ಗಂಡಸರನ್ನ ಹುಡುಕಿ 1997ರಲ್ಲಿ ವರದಿ ಮಾಡಿದ್ರು, ಅದೇ ಬದಲಾವಣೆ ಇರೋ ಅವರ ಕಡೆಯ ಹೆಣ್ಣುಮಕ್ಕಳಿಗೆ ಮುಟ್ಟೇ ಆಗ್ತಿರ್ಲಿಲ್ಲ, ಆದ್ರೆ ಈ ಐವರಲ್ಲಿ ಇಬ್ಬರಿಗೆ ಮಕ್ಕಳಿದ್ರು. ವೀರ್ಯದ ಗುಣಮಟ್ಟ ಯಾರದ್ದೂ ಚೆನ್ನಾಗಿರ್ಲಿಲ್ಲ, ಪೂರ್ತಿ ಸೊನ್ನೆಯೂ ಇರ್ಲಿಲ್ಲ. ಇದು ಬಂದಾಗ ಬೆಂಗಳೂರಿನಲ್ಲೂ ಚರ್ಚೆ ಆಗಿರ್ಬೇಕು, ಯಾಕಂದ್ರೆ ನಮ್ಮ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಎನ್.ಆರ್. ಮೌದ್ಗಲ್ ಅವರ ತಂಡ ವರ್ಷಗಟ್ಟಲೆ ನಮ್ಮೂರಿನ ಮಾಮೂಲಿ ಕೋತಿಗಳ ಮೇಲೆ ಕೆಲಸ ಮಾಡಿ, ಎಫ್‌ಎಸ್‌ಎಚ್ ಅನ್ನ ಲಸಿಕೆಯಿಂದ ತಡೆದ್ರೆ ಟೆಸ್ಟೋಸ್ಟಿರಾನ್ ಹಾಗೇ ಇದ್ದು ವೀರ್ಯಾಣು ಮಾತ್ರ ಇಳಿದು ಮರಿ ಆಗೋದು ನಿಲ್ಲುತ್ತೆ ಅಂತ ತೋರ್ಸಿತ್ತು. ಕೋತಿ ಒಂದು ಹೇಳುತ್ತೆ, ಫಿನ್‌ಲೆಂಡ್‌ನವರು ಇನ್ನೊಂದು ಹೇಳ್ತಾರೆ. ನನ್ನ ಪ್ರಕಾರ ಎರಡೂ ನಿಜ: ಎಫ್‌ಎಸ್‌ಎಚ್ ಇಲ್ಲದೇ ಕೆಲಸ ಕುಂಟುತ್ತೆ, ಎಷ್ಟು ಕುಂಟುತ್ತೆ ಅನ್ನೋದು ಆ ಮನುಷ್ಯನ ಉಳಿದ ಜೀನ್‌ಗಳ ಮೇಲೆ ನಿಂತಿದೆ. ಸೊಸೆಯನ್ನ ಮಾತ್ರ ಏನೂ ಅನ್ಬೇಡಿ.

ಪ್ರಶ್ನೆ: ಕೌಂಟ್ ಸೊನ್ನೆ, ಎಫ್‌ಎಸ್‌ಎಚ್ 28. ಆಪರೇಷನ್ ಮಾಡಿ ವೀರ್ಯಾಣು ಹುಡುಕ್ತೀವಿ ಅಂತಾರೆ. ಅದಕ್ಕೆ ಮುಂಚೆ ಕ್ರೋಮೋಸೋಮ್ ಟೆಸ್ಟ್ ಬೇಕಾ, ಅಥವಾ ಸುಮ್ಮನೆ ಬಿಲ್ ಜಾಸ್ತಿ ಮಾಡೋಕಾ?
(ಹಾಸನ)

ಉತ್ತರ: ಬೇಕೇ ಬೇಕು. 28 ಅಂದ್ರೆ ಮೇಸ್ತ್ರಿ ಅರಚ್ತಾ ಇದಾನೆ, ಆಳುಗಳ ಕಡೆ ತೊಂದರೆ. ಎರಡು ಟೆಸ್ಟ್: ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನ ಎಣಿಸಿ ನೋಡೋದು), ಮತ್ತು ವೈ ಕ್ರೋಮೋಸೋಮ್‌ನಲ್ಲಿ ತುಂಡು ಬಿಟ್ಟುಹೋಗಿದೆಯಾ ಅನ್ನೋದು. ಮೊದಲನೆಯದರಲ್ಲಿ 47 ಎಕ್ಸ್‌ಎಕ್ಸ್‌ವೈ, ಅಂದ್ರೆ ಒಂದು ಎಕ್ಸ್ ಜಾಸ್ತಿ ಅಂತ ಬರಬಹುದು, ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತೆ, ತುಂಬಾ ಜನರಿಗೆ ಮದುವೆ ಆದ್ಮೇಲೇ ಗೊತ್ತಾಗೋದು, ಅಂಥವರಲ್ಲೂ ಮೈಕ್ರೋಸ್ಕೋಪ್ ಇಟ್ಟು ಮಾಡೋ ಆಪರೇಷನ್‌ನಲ್ಲಿ ನೂರಕ್ಕೆ ನಲವತ್ತು ಐವತ್ತು ಜನರಿಗೆ ವೀರ್ಯಾಣು ಸಿಗುತ್ತೆ. ಎರಡನೆಯದರಲ್ಲಿ ಎಜಡ್‌ಎಫ್ ಅನ್ನೋ, ವೈ ಮೇಲೆ ವೀರ್ಯಾಣು ತಯಾರಿಗೆ ಬೇಕಾದ ಜಾಗದಲ್ಲಿ ಎ ಅಥವಾ ಬಿ ಭಾಗ ಪೂರ್ತಿ ಇಲ್ಲ ಅಂದ್ರೆ ಆಪರೇಷನ್ ಮಾಡಿಸ್ಬೇಡಿ, ಸಿಗಲ್ಲ, ಹೊಟ್ಟೆ ಉರಿಯೋದಷ್ಟೇ ಮಿಕ್ಕೋದು. ಸಿ ಭಾಗ ಮಾತ್ರ ಇಲ್ಲ ಅಂದ್ರೆ ಆಸೆ ಇದೆ, ಆದ್ರೆ ಹುಟ್ಟೋ ಗಂಡುಮಗುವಿಗೂ ಅದೇ ವೈ ಹೋಗುತ್ತೆ, ಅದನ್ನ ಗಂಡ ಹೆಂಡತಿ ಕೂತು ಮೊದಲೇ ಮಾತಾಡ್ಕೊಳ್ಳಿ.

ಪ್ರಶ್ನೆ: ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಕೊಂಡ್ರೆ? ನುಗ್ಗೇಕಾಯಿ ತಿಂದ್ರೆ?
(ಬೆಂಗಳೂರು, ಮೂರು ಜನ)

ಉತ್ತರ: ವೃಷಣ ದೇಹಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗಿರ್ಬೇಕು, ಹಾಗಾಗಿ ಲ್ಯಾಪ್‌ಟಾಪ್ ಟೇಬಲ್ ಮೇಲಿಡಿ. ನುಗ್ಗೇಕಾಯಿ ಸಾಂಬಾರಿಗೆ ಹಾಕಿ.

ಪ್ರಶ್ನೆ: ಆನ್‌ಲೈನಲ್ಲಿ ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದೆ. ಆಂಡ್ರೋಜೆನ್ ರಿಸೆಪ್ಟರ್‌ನಲ್ಲಿ ಸಿಎಜಿ 25, ಫಲವಂತಿಕೆಗೆ ಅಪಾಯ ಅಂತ ಕೆಂಪು ಅಕ್ಷರದಲ್ಲಿ ಬಂದಿದೆ. ಇನ್ನೂ ಮದುವೆ ಆಗಿಲ್ಲ. ರಿಪೋರ್ಟ್ ಕಳಿಸ್ಲಾ?
(ಉಡುಪಿ)

ಉತ್ತರ: ಬೇಡ. ಆ ಜೀನ್‌ನಲ್ಲಿ ಸಿಎಜಿ ಅನ್ನೋ ಮೂರಕ್ಷರ ಪದೇಪದೇ ಬರುತ್ತೆ, ಹೆಚ್ಚಿನವರಿಗೆ 20, 22ರ ಆಸುಪಾಸು, 9ರಿಂದ 36ರ ತನಕ ಆರೋಗ್ಯವಂತರಲ್ಲೇ ಕಾಣುತ್ತೆ. ಉದ್ದ ಜಾಸ್ತಿ ಆದಷ್ಟೂ ರಿಸೆಪ್ಟರ್ ಸ್ವಲ್ಪ ಮೆತ್ತಗೆ ಕೆಲಸ ಮಾಡುತ್ತೆ ಅನ್ನೋದು ನಿಜ, ಬಂಜೆತನ ಇರೋ ಗಂಡಸರ ಗುಂಪಿನಲ್ಲಿ ಸರಾಸರಿ ಒಂದು ಚೂರು ಉದ್ದ ಅಂತ ಕೆಲವು ಅಧ್ಯಯನ ಹೇಳ್ತವೆ, ಆದ್ರೆ ಒಬ್ಬ ಮನುಷ್ಯನ 25 ನೋಡಿ ಅವನಿಗೆ ಮಗು ಆಗುತ್ತಾ ಇಲ್ವಾ ಅಂತ ಹೇಳೋದು ಚಪ್ಪಲಿ ಸೈಜ್ ನೋಡಿ ಓಟದಲ್ಲಿ ಗೆಲ್ತಾನಾ ಅಂತ ಹೇಳಿದ ಹಾಗೆ. ಸುಮಾರು 38 ದಾಟಿದ್ರೆ ಕೆನಡಿ ಕಾಯಿಲೆ ಅನ್ನೋ ಸ್ನಾಯುವಿನ ತೊಂದರೆ, ಅದು ಬೇರೆ ಕಥೆ, ನಿಮ್ಮದು ಅಲ್ಲಿ ಇಲ್ಲ. ಅಷ್ಟು ಚಿಂತೆ ಇದ್ರೆ ಎರಡರಿಂದ ಏಳು ದಿನ ಬಿಟ್ಟು ಒಂದು ವೀರ್ಯ ಪರೀಕ್ಷೆ ಮಾಡಿಸಿ, ಆ ಕಾಗದ ಕಳಿಸಿ, ಓದ್ತೀನಿ.